ಹಿಟ್ಟು ಹುಳಿ ಬರಿಸಿದ್ದು ಯಾರು?

ಮಕ್ಕಳೇ, ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಪಾತ್ರೆ ತುಂಬಾ ಉಬ್ಬಿರುತ್ತೆ. ಅದಕ್ಕೆ ಯಾರೂ ಯೀಸ್ಟ್ ಹಾಕಿಲ್ಲ, ಹೆಪ್ಪೂ ಹಾಕಿಲ್ಲ. ಹಾಗಾದ್ರೆ ಉಬ್ಬಿಸಿದ್ದು ಯಾರು? ಉದ್ದಿನಬೇಳೆ ಜೊತೆಗೇ ಬಂದ ಬ್ಯಾಕ್ಟೀರಿಯಾಗಳು. ಅವುಗಳಲ್ಲಿ ಮುಖ್ಯವಾದದ್ದು ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್. ಇದು ಹಿಟ್ಟಿನ ಸಕ್ಕರೆಯಿಂದ ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಉಂಟುಮಾಡುತ್ತೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು.

ಬೆಲ್ಜಿಯಂನ ಬ್ರಸೆಲ್ಸ್ ಸುತ್ತಮುತ್ತ ತಯಾರಾಗುವ ಲ್ಯಾಂಬಿಕ್ ಎಂಬ ಬಿಯರ್ ಕೂಡ ಹೀಗೇ ತಾನಾಗಿ ಹುದುಗುತ್ತೆ. ಕುದಿಸಿದ ಧಾನ್ಯದ ರಸವನ್ನು ಚಳಿಗಾಲದ ರಾತ್ರಿ ತೆರೆದ ತೊಟ್ಟಿಯಲ್ಲಿ ಆರಲು ಬಿಡ್ತಾರೆ. ಗಾಳಿಯಿಂದಲೂ ಮರದ ಪೀಪಾಯಿಗಳಿಂದಲೂ ಸೂಕ್ಷ್ಮಜೀವಿಗಳು ಸೇರ್ತವೆ. 1ರಿಂದ 3 ವರ್ಷ ಪೀಪಾಯಿಯಲ್ಲೇ ಇರುತ್ತೆ. ಒಂದೊಂದು ಪೀಪಾಯಿಗೆ ಒಂದೊಂದು ರುಚಿ. ಅಪರೂಪದ ಬಾಟಲಿಗಳನ್ನು ಹೋಲಿಸುವ ಆಸಕ್ತರಲ್ಲಿ ಲೇಬಲ್ ಮುಚ್ಚಿ ರುಚಿ ನೋಡುವವರೂ ಇದ್ದಾರೆ. ಯಾಕೆ? ಹೆಸರು ಕಂಡರೆ ನಾಲಿಗೆಗಿಂತ ಮೊದಲು ಮನಸ್ಸೇ ಅಂಕ ಕೊಟ್ಟುಬಿಡುತ್ತೆ!

ಮದ್ಯ ನಮಗೆ ಬೇಡ, ಆ ವಿಧಾನ ಬೇಕು. ಒಡ್ಡನ್‌ಛತ್ರಂನ ಸೆಕೆಗೆ ಹಿಟ್ಟು ಬೇಗ ಹುಳಿಯುತ್ತೆ, ಕೊಡೈಕನಾಲ್‌ನ ಚಳಿಗೆ ತಡ. ಕಾರಣ ಸೆಕೆಯೇ, ಬೇಳೆಯೇ? ಒಂದೇ ಹಿಟ್ಟನ್ನು ಎರಡು ಲೋಟಗಳಿಗೆ ಅರ್ಧರ್ಧ ಹಾಕಿ, ಮಟ್ಟ ಗುರುತಿಸಿ. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಫ್ರಿಜ್‌ನಲ್ಲಿ ಇರಲಿ. ಬೆಳಗ್ಗೆ ಎಷ್ಟು ಉಬ್ಬಿದೆ ಅಂತ ಅಳೆಯಿರಿ. ಬದಲಾದದ್ದು ಉಷ್ಣತೆ ಒಂದೇ, ಆದ್ದರಿಂದ ಉತ್ತರವೂ ಸ್ಪಷ್ಟ.

ಆಮೇಲೆ ಮೂರು ಮನೆಗಳ ಇಡ್ಲಿ ತಂದು, ತಟ್ಟೆಗಳಿಗೆ ಬರೀ ಸಂಖ್ಯೆ ಬರೆದು ರುಚಿ ನೋಡಿ. "ನಮ್ಮನೆ ಇಡ್ಲಿನೇ ಚೆನ್ನಾಗಿರೋದು" ಅಂತಿದ್ದ ನಾನು, ಹಾಗೆ ನೋಡಿದಾಗ ಹೆಚ್ಚು ಅಂಕ ಕೊಟ್ಟಿದ್ದು ಪಕ್ಕದ ಮನೆಯದಕ್ಕೆ!