ಮೆಕ್ಕೆಜೋಳದ ರಾಶಿಯ ಕಾವನ್ನು ಅಳೆಯುವ ಕ್ರಮ

ದಾವಣಗೆರೆ ಹರಿಹರಗಳ ಸುತ್ತಣ ಗ್ರಾಮಗಳಲ್ಲಿ ಮೆಕ್ಕೆಜೋಳವು ಮುಖ್ಯವಾದ ಬೆಳೆ. ಹಸಿ ಆರದ ಕಾಳನ್ನು ರಾಶಿ ಹಾಕಿದರೆ ಒಳಗೆ ಬೂಷ್ಟು ಹಿಡಿದು ಕಾವೇರುವುದು. ಮೇಲಣ ಕಾಳು ತಣ್ಣಗಿರುವುದರಿಂದ ಕೈಗೆ ತಿಳಿಯದು. ಕೆಲವು ಬೂಷ್ಟುಗಳಿಂದ ಅಫ್ಲಾಟಾಕ್ಸಿನ್ ಎಂಬ ವಿಷವುಂಟಾಗಿ ಜನರಿಗೂ ಕೋಳಿಗಳಿಗೂ ಹಾನಿಯಾಗುವುದು.

ಒಳಗಿನ ಕಾವನ್ನು ಅರಿಯಲು ಅಂಕಿ ತೋರುವ ಥರ್ಮೋಕಪಲ್ ಉಷ್ಣಮಾಪಕವು ಉಪಯುಕ್ತವಾದುದು. ಇದರ ಸಲಾಕೆಯ ತುದಿಯಲ್ಲಿ ಎರಡು ಬೇರೆ ಲೋಹದ ತಂತಿಗಳನ್ನು ಬೆಸೆದಿರುತ್ತಾರೆ. ತುದಿಯ ಶಾಖಕ್ಕೆ ತಕ್ಕಂತೆ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಯಂತ್ರವು ಡಿಗ್ರಿಗಳಾಗಿ ತೋರಿಸುವುದು. ಈ ಧರ್ಮವನ್ನು 1821ರಲ್ಲಿ ಸೀಬೆಕ್ ಎಂಬ ವಿದ್ವಾಂಸನು ಕಂಡನು.

ಸಲಾಕೆಯನ್ನು ರಾಶಿಯ ನಡುವಿಗೆ ನಾಲ್ಕಾರು ಕಡೆ ಇಳಿಸಿ, ಅಂಕಿ ನಿಂತ ಮೇಲೆ ಓದಿ, ಪ್ರತಿದಿನವೂ ಬರೆದಿಡತಕ್ಕದ್ದು. ಹೊರಗಿನ ಹವೆ ಏರದಿದ್ದರೂ ಅಂಕಿ ಏರುತ್ತ ಹೋದರೆ ತಡಮಾಡದೆ ರಾಶಿಯನ್ನು ಹರಡಿ ಒಣಗಿಸಬೇಕು.

ಸುಗ್ಗಿಗೆ ಮುಂಚೆ, ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ, ಅದರಲ್ಲಿ ತುದಿಯನ್ನಿಟ್ಟು ಪರೀಕ್ಷಿಸಬೇಕು. 0 ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ತೋರಬೇಕು. ಕುದಿನೀರಿನಲ್ಲಿ 100 ತೋರದಿದ್ದರೆ ಯಂತ್ರವನ್ನು ದೂಷಿಸಕೂಡದು; ದಾವಣಗೆರೆಯು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 98ರಲ್ಲಿಯೇ ಕುದಿಯುವುದು. ತಂತಿಯನ್ನು ಮಡಿಚಕೂಡದು, ಯಂತ್ರವನ್ನು ಬಿಸಿಲಿನಲ್ಲಿಡಕೂಡದು, ಸುಗ್ಗಿ ಮುಗಿದ ಮೇಲೆ ಬ್ಯಾಟರಿಯನ್ನು ತೆಗೆದಿಡಬೇಕು.

ಗ್ರಾಮದ ಮುಖಂಡರು ಇಂತಹದೊಂದನ್ನು ತರಿಸಿಟ್ಟರೆ ಅನೇಕ ರೈತರ ರಾಶಿಗಳು ಉಳಿಯುವುವು.