ಪಿಕಪ್ಪಿನ ಕೀಲುನೋವು: ಮುಂದಿನ ಗಾಲಿಗಳ ಸದ್ದು ಏನು ಹೇಳುತ್ತದೆ?

2025ರ ಜನವರಿ 1ರಿಂದ ಟೆಕ್ಸಸ್ ರಾಜ್ಯದಲ್ಲಿ ಖಾಸಗಿ ವಾಹನಗಳಿಗೆ ವರ್ಷಕ್ಕೊಮ್ಮೆ ಆಗುತ್ತಿದ್ದ ಸುರಕ್ಷತಾ ತಪಾಸಣೆ ನಿಂತುಹೋಗಿದೆ. 1951ರಿಂದ ನಡೆದುಬಂದಿದ್ದ ಪದ್ಧತಿ ಅದು. ಡಲ್ಲಾಸ್, ಹ್ಯಾರಿಸ್, ಫೋರ್ಟ್ ಬೆಂಡ್, ಟ್ರಾವಿಸ್ ಮುಂತಾದ ಕೌಂಟಿಗಳಲ್ಲಿ, ಅಂದರೆ ನಮ್ಮ ಕನ್ನಡ ಕುಟುಂಬಗಳು ಹೆಚ್ಚಾಗಿ ಇರುವ ಕಡೆಗಳಲ್ಲಿ, ಹೊಗೆ ಪರೀಕ್ಷೆ ಮಾತ್ರ ಉಳಿದಿದೆ. ಅದರಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ತಂತಿ ಚುಚ್ಚಿ ಎಂಜಿನ್ನಿನ ಯೋಗಕ್ಷೇಮ ವಿಚಾರಿಸುತ್ತಾರೆ. ಮುಂದಿನ ಗಾಲಿಯ ಕಡೆ ಯಾರೂ ಬಗ್ಗಿ ನೋಡುವುದಿಲ್ಲ. (ತಪಾಸಣೆ ನಿಂತರೂ ಅದರ ಏಳೂವರೆ ಡಾಲರ್ ಶುಲ್ಕ ನಿಂತಿಲ್ಲ, ನೋಂದಣಿಯ ಜೊತೆ ಕಟ್ಟುತ್ತಲೇ ಇದ್ದೇವೆ.) ಆ ಹಳೆಯ ತಪಾಸಣೆ ಬಹಳ ಆಳವಾದದ್ದೇನೂ ಆಗಿರಲಿಲ್ಲ. ಆದರೂ ಸ್ಟಿಯರಿಂಗ್, ಬ್ರೇಕ್, ಟೈರು, ದೀಪಗಳನ್ನು ವರ್ಷಕ್ಕೊಂದು ಸಲ ಹೊರಗಿನವರೊಬ್ಬರು ನೋಡುತ್ತಿದ್ದರು. ಈಗ ಓಡಿಸುವವರೇ ನೋಡಿಕೊಳ್ಳಬೇಕು. ನೋಡಲು ಬಾರದಿದ್ದರೆ ಕೇಳಿಸಿಕೊಳ್ಳಲಾದರೂ ಬರಬೇಕು. ಈ ಲೇಖನ ಕೇಳಿಸಿಕೊಳ್ಳುವುದರ ಬಗ್ಗೆ.

ಪಿಕಪ್ಪನ್ನೇ ಏಕೆ ಆರಿಸಿಕೊಂಡೆ ಎಂದರೆ, ನಮ್ಮವರ ಮನೆಗಳ ಮುಂದೆ ಈಗ ಅವು ಹೆಚ್ಚಾಗುತ್ತಿವೆ. ಮೊದಲು ಬಂದಾಗ ನಾವೆಲ್ಲ ಕ್ಯಾಮ್ರಿ, ಅಕಾರ್ಡ್‌ಗಳ ಜನ. ಈಗ ರಾಜ್ಯೋತ್ಸವದ ರಂಗಸಜ್ಜಿಕೆ ಸಾಗಬೇಕಾದರೆ ಯಾರದಾದರೂ ಟ್ರಕ್ಕೇ ಬೇಕು. ಕೆಲವರು ಊರಾಚೆ ಎರಡು ಎಕರೆ ಜಾಗ ಮಾಡಿದ್ದಾರೆ, ಕೆಲವರ ಮಕ್ಕಳಿಗೆ ಟ್ರಕ್ಕಿನ ಹುಚ್ಚು. ಇವುಗಳಲ್ಲಿ ಬಹಳಷ್ಟು ಲಕ್ಷ ಮೈಲಿ ದಾಟಿದ ಹಳೆಯ ಗಾಡಿಗಳು. ಅವುಗಳ ಕೀಲಿ ಹೆಚ್ಚಾಗಿ ಸೇರುವುದು ಹದಿನಾರು ಹದಿನೇಳು ವರ್ಷದ ಮಕ್ಕಳ ಕೈಗೆ.

ಗಾಲಿಯ ಹಿಂದೆ ಏನಿದೆ ಎಂದು ಮೊದಲು ತಿಳಿಯೋಣ. ಕನ್ನಡದಲ್ಲಿ ಮೈಯ ಸಂದಿಗೂ ಗಾಡಿಯ ಸಂದಿಗೂ ‘ಕೀಲು’ ಎಂಬ ಒಂದೇ ಮಾತಿರುವುದು ನನ್ನ ಕೆಲಸವನ್ನು ಹಗುರ ಮಾಡುತ್ತದೆ. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದುದನ್ನು ನೋಡಿದವರು ಈ ಓದುಗರಲ್ಲಿ ಇನ್ನೂ ಇದ್ದಾರೆ. ಪಿಕಪ್ಪಿನ ಮುಂದಿನ ಪ್ರತಿ ಗಾಲಿಯನ್ನೂ ಮೇಲೊಂದು ಕೆಳಗೊಂದು ಕಬ್ಬಿಣದ ತೋಳು ಹಿಡಿದಿರುತ್ತದೆ. ಇವು ಕಂಟ್ರೋಲ್ ಆರ್ಮ್‌ಗಳು. ತೋಳಿನ ಒಳತುದಿ ಚಾಸಿಗೆ ಸೇರುವಲ್ಲಿ ರಬ್ಬರಿನ ಬುಷ್ ಇರುತ್ತದೆ. ನಮ್ಮ ಮೂಳೆಗಳ ನಡುವಿನ ಮೆದುಮೂಳೆಯ ಕೆಲಸ ಅದರದು. ಹೊರತುದಿ ಗಾಲಿಗೆ ಸೇರುವಲ್ಲಿ ಬಾಲ್ ಜಾಯಿಂಟ್. ಇದು ನಮ್ಮ ಸೊಂಟದ ಕೀಲಿನಂತೆ ಬಟ್ಟಲಿನಲ್ಲಿ ಕುಳಿತ ಗುಂಡು. ಒಳಗೆ ಗ್ರೀಸ್, ಹೊರಗೆ ರಬ್ಬರಿನ ಟೊಪ್ಪಿಗೆ. ಟೊಪ್ಪಿಗೆ ಹರಿಯಿತೆಂದರೆ ಗ್ರೀಸ್ ಹೊರಗೆ, ನೀರು ಮಣ್ಣು ಒಳಗೆ. ಅಲ್ಲಿಂದ ಕೀಲಿನ ಸವೆತ ಶುರು. ಸ್ಟಿಯರಿಂಗಿನ ಮಾತನ್ನು ಗಾಲಿಗೆ ಮುಟ್ಟಿಸುವುದು ಟೈ ರಾಡ್. ಎಡ ಬಲ ಗಾಲಿಗಳನ್ನು ಕೂಡಿಸಿ ಗಾಡಿ ಒಂದು ಕಡೆಗೆ ವಾಲದಂತೆ ತಡೆಯುವ ಸಲಾಕೆ ಸ್ವೇ ಬಾರ್. ಅದನ್ನು ಎರಡೂ ಕಡೆ ಹಿಡಿದಿರುವ ಗಿಡ್ಡ ಕೊಂಡಿಗಳು ಎಂಡ್ ಲಿಂಕ್. ಇಷ್ಟು ಶರೀರಶಾಸ್ತ್ರ ಸಾಕು.

ಈ ಕೀಲುಗಳಿಗೆ ನಮ್ಮ ರಸ್ತೆಗಳೂ ದಯೆ ತೋರುವುದಿಲ್ಲ. ಡಲ್ಲಾಸಿನಿಂದ ಆಸ್ಟಿನ್ ದಾಟಿ ಸ್ಯಾನ್ ಆಂಟೋನಿಯೋವರೆಗೆ ಹಬ್ಬಿರುವ ಕಪ್ಪು ಜೇಡಿ ನೆಲಕ್ಕೆ ಮಣ್ಣುವಿಜ್ಞಾನಿಗಳು ಇಟ್ಟ ಹೆಸರು ‘ಹ್ಯೂಸ್ಟನ್ ಬ್ಲ್ಯಾಕ್’. ಧಾರವಾಡ, ಗದಗ, ವಿಜಯಪುರದ ಕಡೆಯವರಿಗೆ ಇದರ ಪರಿಚಯ ಬೇಡ. ಅವರೂರಿನ ಎರೆಮಣ್ಣಿನ ದಾಯಾದಿಯೇ ಇದು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದರ ಮೇಲಿನ ರಸ್ತೆಯೂ ಹಾಗೇ ಏಳುಬೀಳಾಗುತ್ತದೆ. ಹ್ಯೂಸ್ಟನ್ನಿನ ಜೇಡಿಯೂ ಇದೇ ಜಾತಿ. ಮೇಲೆ ಸುಡುವ ಬಿಸಿಲಿಗೆ ರಬ್ಬರ್ ಬೇಗ ಒಣಗುತ್ತದೆ. ಉತ್ತರದ ರಾಜ್ಯಗಳ ಗಾಡಿಗಳಂತೆ ಉಪ್ಪಿಗೆ ತುಕ್ಕು ಹಿಡಿಯುವ ಕಾಟ ಇಲ್ಲಿ ಕಡಿಮೆ ಎನ್ನುವುದೊಂದು ಸಮಾಧಾನ.

ಇನ್ನು ರೋಗಿಯ ಹೇಳಿಕೆ. ವೈದ್ಯ ವೃತ್ತಿಯಲ್ಲಿ ಅರ್ಧ ರೋಗನಿರ್ಣಯ ಕೈ ಮುಟ್ಟುವ ಮೊದಲೇ, ಮಾತಿನಲ್ಲೇ ಆಗುತ್ತದೆ. ಗಾಡಿಗೆ ಬಾಯಿಲ್ಲ, ಅದರ ಪರವಾಗಿ ಓಡಿಸುವವರು ಮಾತಾಡಬೇಕು. ‘ಮುಂದೆ ಏನೋ ಸದ್ದು ಬರ್ತಿದೆ’ ಎಂದರೆ ‘ಡಾಕ್ಟ್ರೇ, ಏನೋ ಒಂಥರಾ ಆಗ್ತದೆ’ ಎಂದಷ್ಟೇ ಪ್ರಯೋಜನ. ನಾನು ಕೇಳುವ ಪ್ರಶ್ನೆಗಳು ಇವು: ಎಷ್ಟು ವೇಗದಲ್ಲಿ? ನೇರ ಹೋಗುವಾಗಲೋ ತಿರುಗುವಾಗಲೋ? ಬ್ರೇಕ್ ಹಾಕಿದಾಗ ಹೆಚ್ಚೋ ಕಡಿಮೆಯೋ? ಬೆಳಿಗ್ಗೆ ತಣ್ಣಗಿರುವಾಗ ಮಾತ್ರವೋ? ನಿಂತ ಗಾಡಿಯಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಬರುತ್ತದೆಯೋ? ಸದ್ದು ಶುರುವಾಗುವ ಮೊದಲು ಯಾರಾದರೂ ಗಾಡಿ ಮುಟ್ಟಿದ್ದರೋ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಟೈರು ಅದಲುಬದಲು ಮಾಡಿಸಿ ಬಂದ ಮರುದಿನವೇ ಮುಂದಿನಿಂದ ಲಟಲಟ ಸದ್ದು ಬಂದರೆ ಬೇರೇನೂ ಯೋಚಿಸದೆ ಗಾಡಿ ನಿಲ್ಲಿಸಿ ಗಾಲಿಯ ನಟ್ಟುಗಳನ್ನು ನೋಡಿ. ಸಡಿಲವಾದ ನಟ್ಟಿನಿಂದ ಗಾಲಿಯೇ ಕಳಚಬಹುದು.

ಸದ್ದಿನ ಬಣ್ಣನೆಗೆ ನಮ್ಮ ಭಾಷೆಗಿಂತ ಅನುಕೂಲದ ಭಾಷೆ ಬೇಕೇ? ಶಾಲೆಯಲ್ಲಿ ಓದಿದ ಅನುಕರಣಾವ್ಯಯಗಳು ಇಲ್ಲಿ ಅನ್ನಕ್ಕೆ ಬರುತ್ತವೆ. ಟಕ್ ಬೇರೆ, ಧಡ್ ಬೇರೆ, ಕಿರ್ರ್ ಬೇರೆ, ಗುಂಯ್ ಬೇರೆ. ಇಂಗ್ಲಿಷಿನ ಮೆಕ್ಯಾನಿಕ್ಕಿನ ಮುಂದೆಯೂ ನಾಚದೆ ಬಾಯಲ್ಲಿ ಆ ಸದ್ದು ಮಾಡಿ ತೋರಿಸಿ, ಅವನಿಗೆ ಅರ್ಥವಾಗುತ್ತದೆ.

ಮೊದಲು ಟಕ್‌ಟಕ್. ನಿಧಾನವಾಗಿ ಹೋಗುವಾಗ ಸಣ್ಣ ಉಬ್ಬುತಗ್ಗಿಗೂ ಟಕ್ ಎನ್ನುವುದು, ವೇಗ ಹೆಚ್ಚಿದರೆ ಅಡಗಿಹೋಗುವುದು. ಇದಕ್ಕೆ ಅತಿ ಸಾಮಾನ್ಯ ಕಾರಣ ಎಂಡ್ ಲಿಂಕ್ ಸವೆದಿರುವುದು. ಖಚಿತ ಮಾಡಿಕೊಳ್ಳಲು ಕಾಸಿಲ್ಲದ ಪರೀಕ್ಷೆಯೊಂದಿದೆ. ಎರಡೂ ಗಾಲಿ ಒಟ್ಟಿಗೆ ಏರುವಂತೆ ರಸ್ತೆಯುಬ್ಬನ್ನು ನೇರವಾಗಿ ದಾಟಿ. ಆಮೇಲೆ ಮನೆಯ ಡ್ರೈವ್‌ವೇಯನ್ನು ಓರೆಯಾಗಿ, ಒಂದು ಗಾಲಿ ಮೊದಲು ಇನ್ನೊಂದು ಆಮೇಲೆ ಏರುವಂತೆ ಹತ್ತಿ. ಎರಡು ಗಾಲಿ ಒಟ್ಟಿಗೆ ಎದ್ದರೆ ಸ್ವೇ ಬಾರ್ ತಿರುಚಿಕೊಳ್ಳುವುದಿಲ್ಲ, ಅದರ ಕೊಂಡಿಗೂ ಎಳೆತವಿಲ್ಲ. ಹೀಗೆ ನೇರ ಉಬ್ಬಿನಲ್ಲಿ ಸುಮ್ಮನಿದ್ದು ಓರೆಯಲ್ಲಿ ಟಕ್ ಎಂದರೆ ಸಂಶಯ ಎಂಡ್ ಲಿಂಕಿನ ಮೇಲೆ. ಇದು ಕಿರಿಕಿರಿಯ ರೋಗ, ಪ್ರಾಣ ತೆಗೆಯುವ ರೋಗವಲ್ಲ. ಅನುಕೂಲ ನೋಡಿಕೊಂಡು ಬದಲಾಯಿಸಬಹುದು.

ಅದೇ ಟಕ್ ಸದ್ದು ಬ್ರೇಕಿನಿಂದಲೂ ಬರಬಹುದು. ಅದೇ ಒರಟು ರಸ್ತೆಯಲ್ಲಿ ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟುಕೊಂಡು ಹೋಗಿ. ಸದ್ದು ನಿಂತರೆ ಸಡಿಲವಾಗಿರುವುದು ಬ್ರೇಕಿನ ಪ್ಯಾಡ್ ಅಥವಾ ಕ್ಯಾಲಿಪರ್. ಕಾಲಿಟ್ಟಾಗ ಅದು ಬಿಗಿಯಾಗಿ ಕೂರುವುದರಿಂದ ಮಾತು ನಿಲ್ಲುತ್ತದೆ. ಬದಲಿಗೆ ಬ್ರೇಕ್ ಜೋರಾಗಿ ಹಾಕಿದಾಗಲೇ ಒಂದು ಸಲ ಧಡ್ ಎಂದು, ಬಿಟ್ಟಾಗ ಇನ್ನೊಂದು ಸಲ ಎಂದರೆ ಕಂಟ್ರೋಲ್ ಆರ್ಮಿನ ಬುಷ್ ಹರಿದು ತೋಳು ಹಿಂದೆ ಮುಂದೆ ಸರಿಯುತ್ತಿರಬಹುದು.

ಕಿರ್ರ್ ಸದ್ದು, ಹಳೆಯ ಬಾಗಿಲಿನ ತಿರುಗಣಿಯಂತೆ, ಸಾಮಾನ್ಯವಾಗಿ ಒಣಗಿದ ರಬ್ಬರಿನದು. ಚಳಿಗಾಲದ ಬೆಳಿಗ್ಗೆ ಹೆಚ್ಚು, ಮಳೆ ಬಂದ ದಿನ ಕಡಿಮೆ. ಬುಷ್‌ಗಳಿಗೆ ನೀರು ಚಿಮುಕಿಸಿದಾಗ ಸ್ವಲ್ಪ ಹೊತ್ತು ಸದ್ದು ನಿಂತರೆ ಜಾಗ ಸಿಕ್ಕಿದಂತೆ. ಪೆಟ್ರೋಲಿಯಂ ಎಣ್ಣೆ ಮಾತ್ರ ಹಾಕಬೇಡಿ, ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಸಿಲಿಕೋನ್ ಆದರೆ ತೊಂದರೆಯಿಲ್ಲ. ಆದರೆ ಕಿರ್ರ್ ಎನ್ನುವುದು ನಿಂತ ಗಾಡಿಯಲ್ಲಿ ಸ್ಟಿಯರಿಂಗ್ ತಿರುಗಿಸಿದಾಗ ಬಂದರೆ ಅಷ್ಟು ಹಗುರವಾಗಿ ಬಿಡಬಾರದು. ಒಣಗಿದ ಬಾಲ್ ಜಾಯಿಂಟ್ ಕೂಡ ಹಾಗೆಯೇ ನರಳುತ್ತದೆ.

ಗುಂಯ್ ಎನ್ನುವುದು ಬೇರಿಂಗಿನ ಸದ್ದು. ಎಂಜಿನ್ನಿನ ವೇಗಕ್ಕಲ್ಲ, ಗಾಡಿಯ ವೇಗಕ್ಕೆ ತಕ್ಕಂತೆ ಏರುತ್ತದೆ. ಹೆದ್ದಾರಿಯ ತಿರುವಿನಲ್ಲಿ ಗಾಡಿ ಎಡಕ್ಕೆ ಹೊರಳಿದಾಗ ಭಾರ ಬಲಗಾಲಿಯ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಾದರೆ ಬಲಗಡೆಯ ಬೇರಿಂಗ್ ಎಂದು ತಿಳಿಯಬಹುದು. ಟೈರು ಅಲೆಅಲೆಯಾಗಿ ಸವೆದಿದ್ದರೂ ಇಂಥದೇ ಸದ್ದು ಬರುವುದರಿಂದ ಮೊದಲು ಟೈರಿನ ಮೇಲೆ ಕೈಯಾಡಿಸಿ ನೋಡಿ. ನಾಲ್ಕೂ ಗಾಲಿ ಎಳೆಯುವ ಟ್ರಕ್ಕಿನಲ್ಲಿ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಎಂದರೆ ಅದು ಆಕ್ಸಲಿನ ಸಿ.ವಿ. ಜಾಯಿಂಟ್.

ಇಲ್ಲೊಂದು ಎಚ್ಚರಿಕೆ. ಹೃದಯಾಘಾತದ ನೋವು ಕೆಲವರಿಗೆ ಎಡತೋಳಿನಲ್ಲಿ, ದವಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಪಿಕಪ್ಪಿನ ಚಾಸಿ ಉದ್ದನೆಯ ಎರಡು ಉಕ್ಕಿನ ತೊಲೆ. ಒಂದು ತುದಿಯ ಸದ್ದು ಇನ್ನೊಂದು ತುದಿಯಲ್ಲಿ ಕೇಳುತ್ತದೆ. ಎಡಗಾಲಿಯ ದೋಷ ಬಲಗಾಲಿನ ಬಳಿ ಬಡಿದಂತೆ ಅನ್ನಿಸುವುದು ಮಾಮೂಲು. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಕಾಗದದ ಸುರುಳಿಯನ್ನು ರೋಗಿಯ ಎದೆಗೂ ತನ್ನ ಕಿವಿಗೂ ಆನಿಸಿದ ಮೇಲೆ ಸ್ಟೆಥಾಸ್ಕೋಪ್ ಹುಟ್ಟಿತು. ಗ್ಯಾರೇಜಿನವರ ಸ್ಟೆಥಾಸ್ಕೋಪಿಗೆ ಬಿಲ್ಲೆಯ ಬದಲು ತೆಳುವಾದ ಉಕ್ಕಿನ ಕಡ್ಡಿ ಇರುತ್ತದೆ, ಅಷ್ಟೇ ವ್ಯತ್ಯಾಸ. ಸಮತಟ್ಟಾದ ಕಡೆ ಗಾಡಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಮನೆಯವರೊಬ್ಬರು ಸ್ಟಿಯರಿಂಗನ್ನು ಎಡ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸುತ್ತಿರಲಿ. ನೀವು ಗಾಲಿಯ ಪಕ್ಕದಿಂದ ಒಂದೊಂದೇ ಕೀಲಿಗೆ ಕಡ್ಡಿ ಮುಟ್ಟಿಸುತ್ತ ಬನ್ನಿ. ಟೈ ರಾಡಿನ ಸಡಿಲವಂತೂ ಕಣ್ಣಿಗೇ ಕಾಣುತ್ತದೆ: ಒಂದು ತುಂಡು ಅಲುಗಿದ ಮೇಲೆ ಪಕ್ಕದ ತುಂಡು ತಡವಾಗಿ ಅಲುಗುತ್ತದೆ. ನನ್ನ ಮನೆಯಲ್ಲಿ ಈ ಕೆಲಸಕ್ಕೆ ಸಹಾಯಕರಾಗಿ ಬಂದವರು ಹತ್ತು ನಿಮಿಷದಲ್ಲಿ ‘ಒಲೆ ಮೇಲೆ ಸಾರು ಇದೆ’ ಎಂದು ಎದ್ದುಹೋಗುತ್ತಾರೆ. ಆದ್ದರಿಂದ ಬೇಗ ಮುಗಿಸುವುದು ಒಳ್ಳೆಯದು.

ಈ ಎಲ್ಲ ಸದ್ದುಗಳ ನಡುವೆ ನಾನು ನಿಜವಾಗಿ ಹುಡುಕುವುದು ಒಂದನ್ನೇ, ಕೆಳಗಿನ ಬಾಲ್ ಜಾಯಿಂಟ್. ಉಳಿದವುಗಳಲ್ಲಿ ಕೆಲವು ಕಾಯಬಹುದು, ಇದು ಕಾಯುವುದಿಲ್ಲ. ಗುಂಡು ಬಟ್ಟಲಿನಿಂದ ಕಳಚಿದರೆ ಗಾಲಿ ಮಡಚಿಕೊಂಡು ಮಡ್‌ಗಾರ್ಡಿನ ಕೆಳಗೆ ಬೀಳುತ್ತದೆ. ಪಾರ್ಕಿಂಗ್ ಜಾಗದಲ್ಲಾದರೆ ಪುಣ್ಯ, ಐ-45ರಲ್ಲಿ ಎಪ್ಪತ್ತು ಮೈಲಿ ವೇಗದಲ್ಲಾದರೆ ಹೇಳುವುದೇ ಬೇಡ. ಇದು ಬರಿಯ ಊಹೆಯಲ್ಲ. 2005ರಲ್ಲಿ ಟೊಯೋಟಾ ಕಂಪನಿ 2001ರಿಂದ 2004ರವರೆಗಿನ ಟಕೋಮಾ, 2002ರಿಂದ 2004ರವರೆಗಿನ ಟಂಡ್ರಾ ಮತ್ತಿತರ ಗಾಡಿಗಳನ್ನು, ಒಟ್ಟು ಸುಮಾರು 7,75,000ದಷ್ಟನ್ನು, ಈ ಕೀಲಿಗಾಗಿಯೇ ಹಿಂದಕ್ಕೆ ಕರೆಸಿತು. ತಯಾರಿಕೆಯಲ್ಲಿ ಗುಂಡಿನ ಮೇಲೆ ಬಿದ್ದ ಗೀರಿನಿಂದ ಕೀಲು ಬೇಗ ಸವೆಯಬಹುದು ಎನ್ನುವುದು ಕಾರಣ. 2007ರಲ್ಲಿ ಟಂಡ್ರಾ, ಸಿಕೋಯಾಗಳಿಗಾಗಿ ಇನ್ನೊಂದು ಕರೆ ಬಂತು, ಐದು ಲಕ್ಷಕ್ಕೂ ಹೆಚ್ಚು ಗಾಡಿಗಳಿಗೆ. ಆ ಮಾದರಿಗಳಲ್ಲಿ ಟ್ರಕ್ಕಿನ ಭಾರ ಗುಂಡನ್ನು ಬಟ್ಟಲಿನೊಳಗೆ ಒತ್ತುವ ಬದಲು ಹೊರಕ್ಕೆ ಎಳೆಯುವಂತಿದೆ. ಸ್ಯಾನ್ ಆಂಟೋನಿಯೋದಲ್ಲಿ ಈಗ ತಯಾರಾಗುವ ಟಂಡ್ರಾಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಹಳೆಯವು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಹಳೆಯ ಟ್ರಕ್ ಕೊಳ್ಳುವವರು, ಯಾವ ಕಂಪನಿಯದೇ ಆಗಲಿ, ಹದಿನೇಳು ಅಕ್ಷರ ಅಂಕಿಗಳ ಅದರ ವಿನ್ ಸಂಖ್ಯೆಯನ್ನು ಎನ್‌ಎಚ್‌ಟಿಎಸ್‌ಎ ಸಂಸ್ಥೆಯ ತಾಣದಲ್ಲಿ ಹಾಕಿದರೆ ಬಾಕಿ ಇರುವ ಕರೆಗಳು ಉಚಿತವಾಗಿ ತಿಳಿಯುತ್ತವೆ.

ಈ ಕೀಲಿನ ಪರೀಕ್ಷೆಯಲ್ಲಿ ಜ್ಯಾಕ್ ಎಲ್ಲಿ ಕೊಡುತ್ತೀರಿ ಎನ್ನುವುದೇ ಮುಖ್ಯ. ಹೊಟ್ಟೆ ಪರೀಕ್ಷಿಸುವಾಗ ರೋಗಿಗೆ ಮೊಣಕಾಲು ಮಡಚಲು ಹೇಳುತ್ತೇವೆ. ಸ್ನಾಯು ಬಿಗಿಯಾಗಿದ್ದರೆ ಒಳಗಿನ ಗಡ್ಡೆ ಕೈಗೆ ಸಿಗುವುದಿಲ್ಲ. ಇಲ್ಲೂ ಹಾಗೆಯೇ. ಚಾಸಿಗೆ ಜ್ಯಾಕ್ ಕೊಟ್ಟು ಎತ್ತಿದರೆ ಸ್ಪ್ರಿಂಗ್ ತೋಳನ್ನು ಕೆಳಕ್ಕೆ ಒತ್ತಿ ಕೀಲನ್ನು ಬಿಗಿಯಾಗಿ ಹಿಡಿಯುತ್ತದೆ, ಸವೆತ ಅಡಗಿಕೊಳ್ಳುತ್ತದೆ. ಈಗಿನ ಹೆಚ್ಚಿನ ಪಿಕಪ್ಪುಗಳಲ್ಲಿ ಸ್ಪ್ರಿಂಗ್ ಕೂರುವುದು ಕೆಳಗಿನ ತೋಳಿನ ಮೇಲೆ. ಅಂಥವುಗಳಲ್ಲಿ ಆ ತೋಳಿಗೇ, ಕೀಲಿನ ಹತ್ತಿರ ಜ್ಯಾಕ್ ಕೊಟ್ಟು ಗಾಲಿ ನೆಲದಿಂದ ಒಂದಿಂಚು ಏಳುವಷ್ಟು ಎತ್ತಬೇಕು. ಆಗ ಕೀಲು ಸಡಿಲಗೊಳ್ಳುತ್ತದೆ. ಟೈರನ್ನು ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಅಲುಗಿಸಿ. ಟೈರಿನ ಕೆಳಗೆ ಸಲಾಕೆ ತೂರಿಸಿ ಮೀಟಿ. ಕಟ್ ಎಂದು ಆಡಿದರೆ ಬಾಲ್ ಜಾಯಿಂಟನ್ನೋ ಬೇರಿಂಗನ್ನೋ ಶಂಕಿಸಬೇಕು. ಇನ್ನೊಬ್ಬರು ಟಾರ್ಚ್ ಹಿಡಿದು ಯಾವ ಸಂದಿ ಅಲುಗುತ್ತಿದೆ ಎಂದು ನೋಡಿದರೆ ತೀರ್ಮಾನವಾಗುತ್ತದೆ. ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದಾಗ ಮಾತ್ರ ಆಡಿದರೆ ಅದು ಟೈ ರಾಡ್. ಅದನ್ನೂ ತಡಮಾಡದೆ ಬದಲಾಯಿಸಬೇಕು. ಎಷ್ಟು ಆಟ ಇರಬಹುದು ಎನ್ನುವ ಮಿತಿ ಗಾಡಿಯಿಂದ ಗಾಡಿಗೆ ಬೇರೆ. ರಿಪೇರಿ ಪುಸ್ತಕದಲ್ಲಿ ಕೊಟ್ಟಿರುತ್ತಾರೆ.

ಜ್ಯಾಕ್ ಒಂದನ್ನೇ ನಂಬಬೇಡಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಇಟ್ಟು, ಹಿಂದಿನ ಗಾಲಿಗಳಿಗೆ ಅಡ್ಡಗಲ್ಲು ಕೊಡಿ. ಆಗಸ್ಟ್ ತಿಂಗಳ ಡಾಂಬರಿನಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ಕಾಂಕ್ರೀಟ್ ಇಲ್ಲದಿದ್ದರೆ ದಪ್ಪ ಪ್ಲೈವುಡ್ ಹಾಸಿ. ಮಂಡಿನೋವಿರುವ ನನ್ನ ವಯಸ್ಸಿನವರು ಈ ಪರೀಕ್ಷೆಯನ್ನು ಗ್ಯಾರೇಜಿನವರಿಗೆ ಬಿಟ್ಟು, ಪಕ್ಕದಲ್ಲಿ ನಿಂತು ‘ಆಡುತ್ತಿರುವುದನ್ನು ತೋರಿಸಿ’ ಎಂದು ಕೇಳಿದರೆ ಸಾಕು. ತೋರಿಸಲಾಗದ ರೋಗಕ್ಕೆ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ನನ್ನ ಪರಿಚಯದವರೊಬ್ಬರಿಗೆ ಒಂದು ಅಂಗಡಿಯಲ್ಲಿ ನಾಲ್ಕು ತೋಳು, ಎರಡು ಶಾಕ್ ಅಬ್ಸಾರ್ಬರ್ ಬದಲಾಯಿಸುವ ಚೀಟಿ ಬರೆದುಕೊಟ್ಟಿದ್ದರು; ಕೊನೆಗೆ ಸಿಕ್ಕಿದ್ದು ಸವೆದ ಎಂಡ್ ಲಿಂಕ್.

ಎಫ್-250, ರಾಮ್ 2500ರಂಥ ದೊಡ್ಡ ಟ್ರಕ್ಕುಗಳ ನಾಲ್ಕು ಗಾಲಿ ಎಳೆಯುವ ಮಾದರಿಗಳಿಗೆ ಮುಂದೆ ಒಂದೇ ಗಟ್ಟಿ ಆಕ್ಸಲ್. ಅವುಗಳಲ್ಲಿ ಒಂದು ಗುಂಡಿ ದಾಟಿದ ಕೂಡಲೇ ಸ್ಟಿಯರಿಂಗ್ ಗಡಗಡ ನಡುಗತೊಡಗಿದರೆ ಗಟ್ಟಿಯಾಗಿ ಹಿಡಿದು, ಗಾಬರಿಯಾಗದೆ ನಿಧಾನವಾಗಿ ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಬೇಕು. ಸವೆದ ಟ್ರ್ಯಾಕ್ ಬಾರ್, ಬಾಲ್ ಜಾಯಿಂಟ್, ಸ್ಟಿಯರಿಂಗ್ ಡ್ಯಾಂಪರ್ ಎಲ್ಲವನ್ನೂ ಪರೀಕ್ಷಿಸದೆ ಮತ್ತೆ ಹೆದ್ದಾರಿಗೆ ಇಳಿಸುವುದು ಬೇಡ.

ಒಂದು ಕಡೆಯ ಬಾಲ್ ಜಾಯಿಂಟ್ ಸವೆದಿದ್ದರೆ ಇನ್ನೊಂದು ಕಡೆಯದೂ ಅಷ್ಟೇ ಮೈಲಿ ಓಡಿದೆ, ಜೋಡಿಯಾಗಿ ಬದಲಾಯಿಸುವುದು ವಾಸಿ. ತೋಳು, ಬಾಲ್ ಜಾಯಿಂಟ್, ಟೈ ರಾಡ್‌ಗಳನ್ನು ಬಿಚ್ಚಿ ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರು ಒಂದೇ ಅಂಚಿಗೆ ಸವೆಯುತ್ತದೆ. ಎಂಡ್ ಲಿಂಕ್ ಬದಲಾಯಿಸಿದ್ದಕ್ಕೆ ಅಲೈನ್‌ಮೆಂಟ್ ಬೇಕಿಲ್ಲ, ಬೇಕೆಂದು ಹೇಳಿದರೆ ಏಕೆಂದು ಕೇಳಿ. ಹೊಸ ಬಾಲ್ ಜಾಯಿಂಟಿಗೆ ಗ್ರೀಸ್ ನಿಪ್ಪಲ್ ಇದ್ದರೆ ಎಂಜಿನ್ ಆಯಿಲ್ ಬದಲಾಯಿಸುವಾಗಲೆಲ್ಲ ಗ್ರೀಸ್ ಹೊಡೆಯಲು ಹೇಳಿ. ಹೆಚ್ಚಿನ ಕಡೆ ಹೇಳದಿದ್ದರೆ ಹೊಡೆಯುವುದಿಲ್ಲ.