ಘಾಟಿ ಹತ್ತುವ ಕಾರಿಗೂ ಬಾಯಾರಿಕೆ

ಬೇಸಿಗೆ ರಜೆ ಬಂತೆಂದರೆ ಚಾರ್ಮಾಡಿ ಘಾಟಿಯಲ್ಲಿ ಕಾರುಗಳ ಸಾಲು. ಮೊಮ್ಮಕ್ಕಳು ಅಜ್ಜಿ ಮನೆಗೆ, ಅಜ್ಜ-ಅಜ್ಜಿಯರು ಧರ್ಮಸ್ಥಳಕ್ಕೆ. ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದ ಆಸುಪಾಸಿನಲ್ಲಿ ಮೂವತ್ತು ವರ್ಷ ಗಾಡಿ ರಿಪೇರಿ ಮಾಡಿದವನು ನಾನು. ಏಪ್ರಿಲ್, ಮೇ ತಿಂಗಳಲ್ಲಿ ನನಗೆ ಬರುತ್ತಿದ್ದ ಫೋನುಗಳಲ್ಲಿ ಹೆಚ್ಚಿನವು ಒಂದೇ ಮಾತಿನವು: “ಗಾಡಿ ಹೀಟ್ ಆಗಿದೆ, ಬಾನೆಟ್‌ನಿಂದ ಹೊಗೆ ಬರ್ತಿದೆ, ಬೇಗ ಬನ್ನಿ.” ಅದು ಸಾಮಾನ್ಯವಾಗಿ ಹೊಗೆಯಲ್ಲ, ಹಬೆ. ಎರಡಕ್ಕೂ ಏನು ವ್ಯತ್ಯಾಸವೆಂದು ಮಕ್ಕಳೇ, ನಿಮ್ಮ ಅಜ್ಜಿಯನ್ನು ಕೇಳಿ. ಬಚ್ಚಲ ಒಲೆ ಉರಿಸಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎಂಜಿನ್ನಿನ ಹೊಟ್ಟೆಯಲ್ಲಿ ಪೆಟ್ರೋಲ್ ಉರಿಯುವ ಆ ಒಂದು ಕ್ಷಣ ಶಾಖ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎಂಜಿನ್ನಿನ ಬಹುಭಾಗ ಅಲ್ಯೂಮಿನಿಯಂ. ಅದು ಕರಗುವುದು 660 ಡಿಗ್ರಿಗೆ. ಹಾಗಾದರೆ ಎಂಜಿನ್ ಕರಗಿ ರಸ್ತೆಗೆ ಯಾಕೆ ಸುರಿಯುವುದಿಲ್ಲ? ಬೆಂಕಿಯ ಗೋಡೆಯ ಆಚೆ ಬದಿಯಲ್ಲೇ ನೀರು ಓಡುತ್ತಿರುತ್ತದೆ. ನೀವು ಹಣ ಕೊಟ್ಟು ಹಾಕಿಸಿದ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲನ್ನು ಈ ನೀರೇ ಹೊತ್ತು ಹೊರಗೆ ಹಾಕುತ್ತದೆ.

ಈ ಬಾಯಾರಿಕೆ ಕಾರಿನಷ್ಟೇ ಹಳೆಯದು. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬಾಕೆ ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವನು ತಯಾರಿಸಿದ ಮೂರು ಗಾಲಿಯ ಕಾರಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟೇಬಿಟ್ಟಳು. ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದಾರಿ. ಆ ಕಾರಿನಲ್ಲಿ ನೀರು ಕುದಿದು ಆವಿಯಾಗಿ ಹೋಗುವುದೇ ತಂಪು ಮಾಡುವ ವಿಧಾನ. ಹಾಗಾಗಿ ದಾರಿಯುದ್ದಕ್ಕೂ ಸಿಕ್ಕ ಸಿಕ್ಕಲ್ಲಿ ನಿಲ್ಲಿಸಿ ನೀರು ತುಂಬಿಸಬೇಕಾಯಿತು. ನಮ್ಮ ಅಂಬಾಸಿಡರ್ ಕಾಲದ ಡ್ರೈವರುಗಳು ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಟ್ಟುಕೊಂಡು ಘಾಟಿಯ ತೊರೆಗಳ ಹತ್ತಿರ ನಿಲ್ಲುತ್ತಿದ್ದರಲ್ಲ, ಅವರೆಲ್ಲ ಬೆರ್ತಾಳ ವಂಶದವರೇ ಅನ್ನಬೇಕು!

ಇಂದಿನ ಕಾರಿನಲ್ಲಿ ನೀರು ಆವಿಯಾಗಿ ಹೋಗುವುದಿಲ್ಲ, ಸುತ್ತುತ್ತದೆ. ಪಂಪು ಅದನ್ನು ಎಂಜಿನ್ನಿನೊಳಗೆ ತಳ್ಳುತ್ತದೆ. ಬಿಸಿಯಾದ ನೀರು ಮುಂದಿನ ರೇಡಿಯೇಟರಿಗೆ ಬಂದು, ಸಣ್ಣ ಸಣ್ಣ ಕೊಳವೆಗಳಲ್ಲಿ ಹಾದು, ಗಾಳಿಗೆ ಆರಿ, ಮತ್ತೆ ಒಳಗೆ ಹೋಗುತ್ತದೆ. ಲೋಟದ ಕಾಫಿಯನ್ನು ತಟ್ಟೆಗೆ ಸುರಿದು ಆರಿಸುವ ಅಜ್ಜಂದಿರ ಉಪಾಯವೇ ಇದು. ನಡುವೆ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲು. ಅದರೊಳಗೆ ಮೇಣವಿದೆ. 80–90 ಡಿಗ್ರಿಯ ಹತ್ತಿರ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತೆರೆಯುತ್ತದೆ. ಅಲ್ಲಿಯವರೆಗೆ ರೇಡಿಯೇಟರಿಗೆ ನೀರು ಬಿಡುವುದಿಲ್ಲ, ಯಾಕೆಂದರೆ ತಣ್ಣಗಿನ ಎಂಜಿನ್ನೂ ಒಳ್ಳೆಯದಲ್ಲ. ಕರೆಂಟಿಲ್ಲ, ಕಂಪ್ಯೂಟರಿಲ್ಲ, ಒಂದು ಚಿಟಿಕೆ ಮೇಣದ ಕೆಲಸ. ಎಂಜಿನ್ನಿನಲ್ಲಿ ನನಗೆ ಇದರಷ್ಟು ಇಷ್ಟವಾದ ಭಾಗ ಬೇರೊಂದಿಲ್ಲ.

ಇನ್ನು ರೇಡಿಯೇಟರಿನ ಮುಚ್ಚಳ. ಅದು ನಿಮ್ಮ ಅಡುಗೆಮನೆಯ ಕುಕ್ಕರಿನ ಮುಚ್ಚಳದ ತಮ್ಮ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ನಮ್ಮ ಮಲೆನಾಡಿನ ಎತ್ತರದಲ್ಲಿ ಮೂರು ಡಿಗ್ರಿ ಮೊದಲೇ. ಮುಚ್ಚಳ ಒತ್ತಡವನ್ನು ಹಿಡಿದಿಟ್ಟಿರುವುದರಿಂದ ಒಳಗಿನ ನೀರು 110 ಡಿಗ್ರಿಯಾದರೂ ಕುದಿಯದೆ ಸುಮ್ಮನಿರುತ್ತದೆ. ಬಿಸಿಯಲ್ಲಿ ಮುಚ್ಚಳ ತಿರುಗಿಸಿದಿರೋ, ಒತ್ತಡ ಹೋದ ಆ ಗಳಿಗೆಯಲ್ಲೇ ನೀರೆಲ್ಲ ಭುಗಿಲ್ಲೆಂದು ಹಬೆಯಾಗಿ ಮುಖಕ್ಕೆ ಹಾರುತ್ತದೆ. ಬಟ್ಟೆ ಸುತ್ತಿ ತೆಗೆದರೆ ಏನೂ ಆಗದು ಎನ್ನುವವರಿದ್ದಾರೆ. ಹಾಗೆ ತೆಗೆದ ಒಬ್ಬ ಡ್ರೈವರಿನ ಮುಂಗೈ ಚರ್ಮ ಬಟ್ಟೆಯ ಜೊತೆಗೇ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದ್ದರಿಂದ ಮುಳ್ಳು ಕೆಂಪಿನತ್ತ ಏರಿದರೆ ಅಥವಾ ಕೆಂಪು ದೀಪ ಹತ್ತಿದರೆ ಮೊದಲು ಎ.ಸಿ. ನಿಲ್ಲಿಸಿ. ನಿಲ್ಲಲು ಜಾಗ ಸಿಗುವವರೆಗೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕಿಟಕಿ ಇಳಿಸಿ. ಬೇಸಿಗೆಯಲ್ಲಿ ಹೀಟರೇ ಎಂದು ಅಜ್ಜಿ ಬೈಯಬಹುದು. ಆದರೆ ಅದು ಎಂಜಿನ್ನಿನ ಶಾಖವನ್ನೇ ಒಳಗೆ ಎಳೆದು ಆ ಕಡೆ ಭಾರ ಇಳಿಸುತ್ತದೆ. ಜಾಗ ಸಿಕ್ಕೊಡನೆ ಗಾಡಿ ಆಫ್ ಮಾಡಿ, ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಿ. ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಾಯಿರಿ. ಮುಚ್ಚಳಕ್ಕೆ ಕೈ ಹಾಕುವುದಾದರೆ ಎಂಜಿನ್ ಪೂರ್ತಿ ತಣಿದ ಮೇಲೆಯೇ. ಕಾದ ಎಂಜಿನ್ನಿಗೆ ತಣ್ಣೀರು ಎರಚಬಾರದು, ಬಿರುಕು ಬಿಡುತ್ತದೆ. ಬಾನೆಟ್ಟಿನ ಕೆಳಗಿನ ಫ್ಯಾನು ಗಾಡಿ ಆಫ್ ಆದ ಮೇಲೂ ತಾನಾಗಿ ತಿರುಗಲು ಶುರುಮಾಡೀತು. ಮಕ್ಕಳ ಬೆರಳು ಅಲ್ಲಿಗೆ ಹೋಗಕೂಡದು.

ಇಷ್ಟು ದೂರ ಬರದಂತೆ ನೋಡಿಕೊಳ್ಳುವುದು ಕಷ್ಟವೇನಲ್ಲ. ಹೊರಡುವ ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಬಾನೆಟ್ ಎತ್ತಿ ಕೂಲಂಟಿನ ಪ್ಲಾಸ್ಟಿಕ್ ಡಬ್ಬಿ ನೋಡಿ. ಎರಡು ಗೆರೆಗಳ ನಡುವೆ ದ್ರವ ಇರಬೇಕು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ತುಂಬಿಸಿ ಮರೆತುಬಿಡುವ ವಿಷಯವಲ್ಲ. ರಬ್ಬರ್ ಹೋಸುಗಳನ್ನು ಒತ್ತಿ ನೋಡಿ. ಉಬ್ಬಿದ್ದರೆ, ಮೆತ್ತಗಾಗಿದ್ದರೆ, ಸೀಳಿದ್ದರೆ ಬದಲಿಸಿ. ರೇಡಿಯೇಟರಿನ ಮುಖಕ್ಕೆ ಕೆಸರು, ಹುಳ, ಒಣಗಿದ ಎಲೆ ಅಂಟಿದ್ದರೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ.

ಬೋರ್‌ವೆಲ್ ನೀರನ್ನು ಮಾತ್ರ ಹಾಕಬೇಡಿ. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆಯನ್ನು ನೋಡಿದ್ದೀರಲ್ಲ, ರೇಡಿಯೇಟರಿನ ಸಣ್ಣ ಕೊಳವೆಯೊಳಗೂ ಅದೇ ಕಟ್ಟುತ್ತದೆ. ಕಾರಿನ ಪುಸ್ತಕದಲ್ಲಿ ಹೇಳಿದ ಕೂಲಂಟನ್ನೇ ಹಾಕಿ, ಹೇಳಿದ ಅವಧಿಗೆ ಬದಲಿಸಿ. ಹಸಿರು, ಕೆಂಪು, ಗುಲಾಬಿ ಎಂಬ ಬಣ್ಣ ನೋಡಿ ಕೊಳ್ಳಬೇಡಿ. ಒಂದೇ ಬಣ್ಣದ್ದು ಒಂದೇ ಜಾತಿಯದಾಗಿರಬೇಕೆಂದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕಿದರೆ ಸಾಯುತ್ತವೆ. ಡಬ್ಬಿ ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿರಲಿ, ಖಾಲಿ ಜ್ಯೂಸ್ ಬಾಟಲಿಯಲ್ಲಂತೂ ಬೇಡವೇ ಬೇಡ.

ಮಕ್ಕಳಿಗೆ ಒಂದು ಕೆಲಸವಿದೆ: ಮುಳ್ಳು ಕಾಯುವುದು. ಒಮ್ಮೆ ಆರೇಳು ವರ್ಷದ ಹುಡುಗಿಯೊಬ್ಬಳು ಹಿಂದಿನ ಸೀಟಿನಿಂದಲೇ, “ಅಪ್ಪಾ, ಆ ಮುಳ್ಳು ಆಗ ಮೇಲೆ ಹೋಗಿತ್ತು, ಈಗ ಪೂರ್ತಿ ಕೆಳಗೆ ಬಿತ್ತು” ಎಂದಳಂತೆ. ಅಜ್ಜ, “ಇಳಿಯಿತಲ್ಲ, ಸರಿಹೋಯಿತು ಬಿಡು” ಎಂದರು. ಅವಳು ಬಿಡದೆ ಹಟ ಮಾಡಿ ಗಾಡಿ ನಿಲ್ಲಿಸಿದಳು. ನಾನು ಹೋಗಿ ನೋಡಿದರೆ ಕೆಳಗಿನ ಹೋಸ್ ಸೀಳಿ ಹನಿ ನೀರೂ ಉಳಿದಿರಲಿಲ್ಲ. ನೀರೇ ಇಲ್ಲದಾಗ ಶಾಖ ಅಳೆಯುವ ಕಡ್ಡಿಗೆ ಏನೂ ತಾಗದೆ ಮುಳ್ಳು ಇಳಿದುಬಿಡುವುದುಂಟು. ಇನ್ನೆರಡು ತಿರುವು ಹತ್ತಿದ್ದರೆ ಎಂಜಿನ್ನೇ ಹೋಗುತ್ತಿತ್ತು. ಹೋಸ್ ಬದಲಿಸಿ, ಕೂಲಂಟ್ ತುಂಬಿಸಿ ಕಳಿಸಿದೆ. ಹೊರಡುವಾಗ ನೋಡಿದರೆ ಅಜ್ಜ ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತು, ಕತ್ತು ಚಾಚಿ ಮುಳ್ಳನ್ನೇ ನೋಡುತ್ತಿದ್ದರು.